ಕಚ್ಚಿಕೊಂಡ ಬೋಲ್ಟು: ಹಳೆಯ ಸೈಕಲ್ಲನ್ನು ಕೆಡಿಸದೆ ಬಿಚ್ಚುವ ಬಗೆ

ಈ ಉಪನ್ಯಾಸವನ್ನು ಆರಂಭಿಸುವ ಮೊದಲು ಸಭೆಯಲ್ಲಿದ್ದವರ ಕೈಗೆ ನಾನೊಂದು ಉಕ್ಕಿನ ತುಂಡನ್ನು ಕೊಟ್ಟಿದ್ದೆ. ಓದುಗರ ಕೈಗೆ ಅದನ್ನು ಕೊಡಲಾಗದು, ಆದ್ದರಿಂದ ಅದರ ವರ್ಣನೆಯಿಂದಲೇ ತೊಡಗುತ್ತೇನೆ. ಅದು ಹಳೆಯ ಸೈಕಲ್ಲೊಂದರ ಫ್ರೇಮಿನಲ್ಲಿ ಸೀಟಿನ ಕಂಬ ಇಳಿಯುವ ಜಾಗದ ತುಂಡು. ಕೊಳವೆಗಳೆಲ್ಲ ಒಳಗಿನಿಂದ ತೂತು ಬಿದ್ದು ಆ ಫ್ರೇಮು ಮತ್ತೆ ರಸ್ತೆಗಿಳಿಯುವಂತಿರಲಿಲ್ಲ. ಹಾಗಾಗಿ ಆ ಭಾಗವನ್ನು ಬೋಲ್ಟಿನ ಸಮೇತ ಗರಗಸದಿಂದ ಉದ್ದಕ್ಕೆ ಸೀಳಿ, ಸೀಳಿದ ಮೈಯನ್ನು ಉಜ್ಜಿ ನಯಗೊಳಿಸಿ ಇಟ್ಟುಕೊಂಡಿದ್ದೇನೆ. ಸೀಟನ್ನು ಬಿಗಿಯುವ ಎರಡು ಕಿವಿಗಳು, ಅವುಗಳ ಮೂಲಕ ಹಾದುಹೋದ ಬೋಲ್ಟು, ತುದಿಯಲ್ಲಿ ನಟ್ಟು, ಎಲ್ಲವೂ ಅರ್ಧಕ್ಕೆ ಸೀಳಿದ ಹಣ್ಣಿನಂತೆ ಕಾಣುತ್ತವೆ. ಈ ಬೋಲ್ಟನ್ನು ಬಿಚ್ಚಲು ನಾನು ಎರಡು ದಿನ ಹೆಣಗಿದ್ದೆ, ಥ್ರೆಡ್ಡು ಜಾಮ್ ಆಗಿದೆ ಎಂದೇ ನಂಬಿ ನಟ್ಟಿನ ಕಡೆಗೆ ಮತ್ತೆ ಮತ್ತೆ ಎಣ್ಣೆ ಬಿಟ್ಟಿದ್ದೆ. ಸೀಳಿ ನೋಡಿದಾಗ ನಟ್ಟಿನೊಳಗಿನ ಥ್ರೆಡ್ಡುಗಳು ಹೊಚ್ಚಹೊಸದರಂತೆ ಹೊಳೆಯುತ್ತಿದ್ದವು, ಎಂದೋ ಹಚ್ಚಿದ ಗ್ರೀಸು ಕೂಡ ಅಲ್ಲಿ ಉಳಿದಿತ್ತು. ಕಂದು ಬಣ್ಣದ ಗಟ್ಟಿ ಪದರವಿದ್ದದ್ದು ಬೋಲ್ಟಿನ ನುಣುಪಾದ ಮೈಗೂ ಕಿವಿಯ ರಂಧ್ರಕ್ಕೂ ನಡುವೆ. ಅಂದರೆ ಥ್ರೆಡ್ಡೇ ಇಲ್ಲದ ಜಾಗದಲ್ಲಿ ಬೋಲ್ಟು ಕಚ್ಚಿಕೊಂಡಿತ್ತು, ನಾನು ಎರಡು ದಿನ ಎಣ್ಣೆ ಕುಡಿಸಿದ್ದು ಆರೋಗ್ಯವಾಗಿದ್ದ ಭಾಗಕ್ಕೆ.

ಕಚ್ಚಿಕೊಂಡ ಬೋಲ್ಟಿನ ಬಗ್ಗೆ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೇ. ಪಾನ ಹಾಕುವ ಮೊದಲು ಅದು ಎಲ್ಲಿ ಕಚ್ಚಿದೆ, ಯಾವ ಕಾರಣಕ್ಕೆ ಕಚ್ಚಿದೆ ಎಂಬುದನ್ನು ತಿಳಿಯಬೇಕು. ಉಪಾಯವನ್ನು ಆ ತಿಳಿವಳಿಕೆಯೇ ಆರಿಸಬೇಕು, ಕೈಗೆ ಮೊದಲು ಸಿಕ್ಕ ಸಾಧನ ಆರಿಸಬಾರದು. ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಮಾತನ್ನೂ ನಿರ್ಧರಿಸಿಕೊಳ್ಳಬೇಕು. ಬೋಲ್ಟಿಗೆ ಬದಲಿ ಬೋಲ್ಟು ಸಿಗುತ್ತದೆ. ಅದು ಕೂತಿರುವ ಫ್ರೇಮಿನ ಕಿವಿಗೆ, ಬ್ರೇಕಿನ ತೋಳಿಗೆ, ಪೆಡಲ್ಲು ಕೂರುವ ತೋಳಾದ ಕ್ರ್ಯಾಂಕಿಗೆ ಬದಲಿ ಸಿಗುವುದು ಕಷ್ಟ, ಎಷ್ಟೋ ಬಾರಿ ಅಸಾಧ್ಯ. ಕೆಲಸದ ನಡುವೆ ಯಾವುದಾದರೊಂದು ಹಾಳಾಗಲೇಬೇಕು ಎಂಬ ಹಂತ ಬಂದರೆ ಹಾಳಾಗಬೇಕಾದದ್ದು ಬೋಲ್ಟು ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡವರ ಕೈ ಅನಗತ್ಯ ಬಲವನ್ನು ಬಳಸುವುದಿಲ್ಲ.

ಕಾರಣಗಳನ್ನು ನೋಡೋಣ. ಮೊದಲನೆಯದು ತುಕ್ಕು. ಕಬ್ಬಿಣವು ತುಕ್ಕಾದಾಗ ಕಬ್ಬಿಣ ಆಕ್ರಮಿಸಿದ್ದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಜಾಗವನ್ನು ಬೇಡುತ್ತದೆ, ನೀರಿನಂಶ ಹೆಚ್ಚಿರುವ ತುಕ್ಕಾದರೆ ಇನ್ನೂ ಹೆಚ್ಚು. ತೆರೆದ ಮೈಯ ಮೇಲೆ ಈ ಹಿಗ್ಗುವಿಕೆಯಿಂದ ತೊಂದರೆಯಿಲ್ಲ, ಅದು ಪುಡಿಯಾಗಿ ಉದುರುತ್ತದೆ. ಬೋಲ್ಟಿಗೂ ರಂಧ್ರಕ್ಕೂ ನಡುವಿನ ಸಂದಿಯಾದರೋ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನದು. ಹಿಗ್ಗಲು ಜಾಗವಿಲ್ಲದ ತುಕ್ಕು ಅಲ್ಲಿ ಬೆಣೆಯಾಗಿ ಕೂರುತ್ತದೆ. ಎರಡನೆಯದು ಭಿನ್ನ ಲೋಹಗಳ ಜಗಳ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ತೇವ, ಅದರಲ್ಲೂ ಬೆವರಿನ ಅಥವಾ ಸಮುದ್ರದ ಉಪ್ಪು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಸಿದ್ಧವಾಗುತ್ತದೆ. ಅದರಲ್ಲಿ ಕರಗುವುದು ಅಲ್ಯೂಮಿನಿಯಂ, ಅದರಿಂದ ಹುಟ್ಟುವ ಬಿಳಿಯ ಪುಡಿ ತುಕ್ಕಿನಂತೆಯೇ ಉಬ್ಬಿ ಸಂದಿಯನ್ನು ತುಂಬುತ್ತದೆ. ಸಂದಿಯ ಅಂಚಿನಲ್ಲಿ ಕಾಣುವ ಬಣ್ಣ ಕಂದೋ ಬಿಳಿಯೋ ಎಂದು ಭೂತಗನ್ನಡಿಯಿಂದ ನೋಡುವುದು ಒಂದು ನಿಮಿಷದ ಕೆಲಸ, ಆದರೆ ಮುಂದಿನ ದಾರಿಯೆಲ್ಲ ಅದರ ಮೇಲೆ ನಿಂತಿದೆ. ಹಳೆಯ ಗ್ರೀಸು ಒಣಗಿ ಮೇಣದಂತೆ ಗಟ್ಟಿಯಾಗುವುದು, ಬಣ್ಣ ಬಳಿಯುವಾಗ ಬೋಲ್ಟಿನ ಮೇಲೂ ಬಳಿದುಬಿಡುವುದು, ಇವು ಸಣ್ಣ ಕಾರಣಗಳು. ಬಣ್ಣದ ಪದರವನ್ನು ತಲೆಯ ಸುತ್ತ ಚೂಪಾದ ಚಾಕುವಿನಿಂದ ಕೊಯ್ದರೆ ಕೆಲವು ಬೋಲ್ಟುಗಳು ಬೇರೆ ಏನೂ ಇಲ್ಲದೆ ಬಿಚ್ಚಿಕೊಳ್ಳುತ್ತವೆ.

ಇನ್ನೊಂದು ಕಾರಣ ಹಳೆಯ ಸೈಕಲ್ಲುಗಳಿಗೇ ವಿಶೇಷವಾದದ್ದು: ಹೊಂದದ ಥ್ರೆಡ್ಡನ್ನು ಬಲವಂತದಿಂದ ಹೊಂದಿಸಿರುವುದು. ಬ್ರಿಟಿಷ್ ಮಾದರಿಯ ಸೈಕಲ್ಲುಗಳಲ್ಲಿ ಬಹುತೇಕ ಭಾಗಗಳ ಥ್ರೆಡ್ಡು ಇಂಚಿಗೆ 26 ಸುತ್ತಿನದು, ಕೋನ 60 ಡಿಗ್ರಿ. ಸಾಮಾನ್ಯ ಯಂತ್ರಗಳಿಗೆಂದು ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸೂಚಿಸಿದ 55 ಡಿಗ್ರಿಯ ಥ್ರೆಡ್ಡಿಗಿಂತ ಇದು ಬೇರೆ. ಇಂಚಿಗೆ 26 ಎಂದರೆ ಒಂದು ಸುತ್ತಿಗೆ ಸುಮಾರು 0.977 ಮಿಲಿಮೀಟರ್. ಮೆಟ್ರಿಕ್ ಪದ್ಧತಿಯ 1 ಮಿಲಿಮೀಟರ್ ಪಿಚ್ಚಿಗೆ ಇದು ಮೋಸಗೊಳಿಸುವಷ್ಟು ಹತ್ತಿರ. 5/16 ಇಂಚಿನ, ಅಂದರೆ 7.94 ಮಿಲಿಮೀಟರಿನ ಹಳೆಯ ಆಕ್ಸೆಲ್ಲಿನ ಮೇಲೆ 8 ಮಿಲಿಮೀಟರಿನ, 1 ಮಿಲಿಮೀಟರ್ ಪಿಚ್ಚಿನ ನಟ್ಟು ಮೊದಲ ಕೆಲವು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಪ್ರತಿ ಸುತ್ತಿನ ವ್ಯತ್ಯಾಸವೂ ಕೂಡುತ್ತಾ ಬಂದು ಎರಡರ ಥ್ರೆಡ್ಡುಗಳೂ ಒಂದನ್ನೊಂದು ಕಡಿಯತೊಡಗುತ್ತವೆ. ಹಿಂದೆ ಯಾರೋ ಅದನ್ನು ಪಾನದ ಬಲದಿಂದ ಕೊನೆಯವರೆಗೆ ತಿರುಗಿಸಿದ್ದರೆ ಈಗ ಅದಕ್ಕೆ ಎಣ್ಣೆಯಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ, ಏಕೆಂದರೆ ಅಲ್ಲಿ ತುಕ್ಕಿಲ್ಲ, ಲೋಹಕ್ಕೆ ಲೋಹವೇ ಕಚ್ಚಿದೆ. ಇಂಥ ನಟ್ಟನ್ನು ಉಳಿಸುವ ಆಸೆಯನ್ನು ಬಿಟ್ಟು, ಅರದಿಂದ ಅದರ ಒಂದು ಮಗ್ಗುಲನ್ನು ಥ್ರೆಡ್ಡಿನ ಹತ್ತಿರದವರೆಗೆ ಸವೆಸಿ, ಸಣ್ಣ ಉಳಿಯಿಂದ ಬಿರಿಸಿ ತೆಗೆಯುವುದೇ ಆಕ್ಸೆಲ್ಲಿಗೆ ಕ್ಷೇಮ.

ಇದೇ ಮಾತು ಪಾನದ ಅಳತೆಗೂ ಅನ್ವಯಿಸುತ್ತದೆ. ಮಗ್ಗುಲಿನಿಂದ ಮಗ್ಗುಲಿಗೆ 3/8 ಇಂಚು ಇರುವ ನಟ್ಟಿನ ಅಗಲ 9.525 ಮಿಲಿಮೀಟರ್. ಅದಕ್ಕೆ 10ರ ಪಾನ ಹಾಕಿದರೆ ಅರ್ಧ ಮಿಲಿಮೀಟರಿನಷ್ಟು ಸಡಿಲ. ಸಡಿಲವಿದ್ದಾಗ ಪಾನವು ನಟ್ಟಿನ ಮಗ್ಗುಲನ್ನು ಹಿಡಿಯುವುದಿಲ್ಲ, ಮೂಲೆಯನ್ನು ಮಾತ್ರ ಹಿಡಿಯುತ್ತದೆ. ಹಳೆಯ ಮೆದು ಉಕ್ಕಿನ ಮೂಲೆ ಎರಡೇ ಎಳೆತಕ್ಕೆ ಉರುಟಾಗುತ್ತದೆ. ಹಳೆಯ ವಿಟ್‌ವರ್ತ್ ಪಾನಗಳ ಮೇಲೆ ಕೆತ್ತಿರುವ ಸಂಖ್ಯೆ ಬೋಲ್ಟಿನ ವ್ಯಾಸದ್ದು, ನಟ್ಟಿನ ಅಗಲದ್ದಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಆದ್ದರಿಂದ ಕೆತ್ತಿದ ಸಂಖ್ಯೆಯನ್ನು ನಂಬದೆ ಕ್ಯಾಲಿಪರ್ ಹಿಡಿದು ಮಗ್ಗುಲಿನಿಂದ ಮಗ್ಗುಲಿಗೆ ಅಳೆದು, ಹೊಂದುವ ರಿಂಗ್ ಪಾನವನ್ನೋ ಆರು ಮೂಲೆಯ ಸಾಕೆಟ್ಟನ್ನೋ ಆರಿಸಬೇಕು. ಹನ್ನೆರಡು ಮೂಲೆಯ ಸಾಕೆಟ್ಟು ಸಾಮಾನ್ಯ ಕೆಲಸಕ್ಕೆ ಅನುಕೂಲವಾದರೂ ಕಚ್ಚಿಕೊಂಡ ನಟ್ಟಿನ ಮೇಲೆ ಅದನ್ನು ನಾನು ಬಳಸುವುದಿಲ್ಲ. ಹೊಂದಿಸಿ ತಿರುಗಿಸುವ ಸ್ಕ್ರೂ ಪಾನವನ್ನಂತೂ ಈ ಕೆಲಸದ ಮಟ್ಟಿಗೆ ಪೆಟ್ಟಿಗೆಯಿಂದ ಹೊರತೆಗೆಯಲೇಬಾರದು.

ತಿರುಗಿಸುವ ದಿಕ್ಕಿನ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು, ಏಕೆಂದರೆ ತಪ್ಪು ದಿಕ್ಕಿಗೆ ಹಾಕಿದ ಬಲವೆಲ್ಲ ಬಿಗಿಯುವುದಕ್ಕೇ ಸಂದಾಯವಾಗುತ್ತದೆ. ಎಡ ಪೆಡಲ್ಲಿನದು ಎಡಮುರಿ ಥ್ರೆಡ್ಡು, ಅಂದರೆ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿದರೆ ಬಿಚ್ಚುತ್ತದೆ. ಎಡ ಬಲಗಳ ಗೊಂದಲವೇ ಬೇಡವೆಂದರೆ ಒಂದು ಸುಲಭದ ಗುರುತಿದೆ: ಆಯಾ ಪೆಡಲ್ಲಿನ ಕಡೆ ನಿಂತು, ಪಾನದ ಹಿಡಿ ಮೇಲಕ್ಕೆ ಬರುವಂತೆ ಹಾಕಿ, ಸೈಕಲ್ಲಿನ ಹಿಂಗಾಲಿಯ ಕಡೆಗೆ ಎಳೆದರೆ ಎರಡೂ ಪೆಡಲ್ಲುಗಳು ಬಿಚ್ಚುತ್ತವೆ. ಕ್ರ್ಯಾಂಕಿನ ಆಕ್ಸೆಲ್ ಕೂರುವ ಬಟ್ಟಲುಗಳಲ್ಲಿ ಬ್ರಿಟಿಷ್ ಮಾದರಿಯದಾದರೆ ಚೈನಿನ ಕಡೆಯ ಬಟ್ಟಲು ಎಡಮುರಿ. ಇಟಲಿಯ ಮಾದರಿಯಲ್ಲಿ ಮತ್ತು ಹಳೆಯ ಫ್ರೆಂಚ್ ಮಾದರಿಯಲ್ಲಿ ಎರಡೂ ಬಲಮುರಿ. ಮೊದಲನೆಯದಕ್ಕೆ ವ್ಯಾಸ 1.37 ಇಂಚು, ಅಂದರೆ ಸುಮಾರು 34.8 ಮಿಲಿಮೀಟರ್, ಇಟಲಿಯದು 36, ಫ್ರೆಂಚಿನದು 35. ಬ್ರಿಟಿಷ್ ಮಾದರಿಗೂ ಫ್ರೆಂಚಿಗೂ ವ್ಯಾಸದಲ್ಲಿ ಇರುವ ಅಂತರ ಇಷ್ಟೇ ಇಷ್ಟು, ಬಿಚ್ಚುವ ದಿಕ್ಕು ಮಾತ್ರ ತದ್ವಿರುದ್ಧ. ಎಡಗಡೆಯ ಬಟ್ಟಲು ಸಾಮಾನ್ಯವಾಗಿ ಸುಲಭವಾಗಿ ಬರುತ್ತದೆ, ಅದನ್ನು ಮೊದಲು ತೆಗೆದು ಅಳೆದು ನೋಡಿ ಬಲಗಡೆಯದಕ್ಕೆ ಕೈ ಹಾಕುವುದು ಜಾಣತನ. ಆರಂಭದಲ್ಲಿ ವರ್ಣಿಸಿದ ಸೀಟಿನ ಬೋಲ್ಟಿನಲ್ಲಿಯೂ ದಿಕ್ಕಿಗೆ ಸಂಬಂಧಿಸಿದ ಸೂಕ್ಷ್ಮವೊಂದಿದೆ. ಅದರ ತಲೆಯ ಕೆಳಗೆ ಅಕ್ಕಿಕಾಳಿನಷ್ಟು ಗಾತ್ರದ ಮೊಟಕು ಚಾಚಿಕೊಂಡು ಕಿವಿಯ ಕಚ್ಚಿನಲ್ಲಿ ಕೂತಿರುತ್ತದೆ. ಬೋಲ್ಟು ತಿರುಗದಿರಲಿ ಎಂದೇ ಮಾಡಿದ ಏರ್ಪಾಡು ಅದು. ಅಂಥಲ್ಲಿ ತಲೆಗೆ ಪಾನ ಹಾಕಿ ತಿರುಗಿಸಹೊರಟರೆ ಮೊಟಕು ಮುರಿಯುತ್ತದೆ, ಇಲ್ಲವೇ ಕಿವಿ ಹರಿಯುತ್ತದೆ. ತಿರುಗಬೇಕಾದದ್ದು ನಟ್ಟು ಮಾತ್ರ.

ಇಷ್ಟೆಲ್ಲ ತಿಳಿದ ಮೇಲೆ ಎಣ್ಣೆಯ ಮಾತು. ಸಂದಿಗಿಳಿಯುವ ಎಣ್ಣೆ ಒಳಹೋಗುವುದು ಲೋಮನಾಳದ ಸೆಳೆತದಿಂದ, ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ. ಆದ್ದರಿಂದ ಪ್ರಮಾಣಕ್ಕಿಂತ ಕಾಲ ಮುಖ್ಯ. ನಾಲ್ಕು ಕಡೆ ಹರಿದು ನೆಲಕ್ಕೆ ಸೋರುವಷ್ಟು ಎಣ್ಣೆ ಸುರಿಯುವುದರಿಂದ ಬೋಲ್ಟಿಗೆ ಹೆಚ್ಚೇನೂ ದಕ್ಕುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯುಡಿ-40 ಎಂಬ ಸಿಂಪಡಿಕೆಯನ್ನು 1953ರಲ್ಲಿ ರೂಪಿಸಿದ್ದು ಲೋಹದಿಂದ ನೀರನ್ನು ಹೊರದೂಡಲೆಂದು, ಹೆಸರಿನಲ್ಲಿರುವ 40 ಎಂಬುದು ನಲವತ್ತನೆಯ ಪ್ರಯತ್ನದ ಗುರುತು. ಆ ಕೆಲಸಕ್ಕೆ ಅದು ಒಳ್ಳೆಯದು, ಆದರೆ ಬಹುಕಾಲದ ತುಕ್ಕಿಗೆ ಸಂದಿಗಿಳಿಯಲೆಂದೇ ತಯಾರಿಸಿದ ಎಣ್ಣೆ ಹೆಚ್ಚು ಸೂಕ್ತ. ಕೆಲವರು ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸಮಪಾಲು ಬೆರೆಸಿ ಬಳಸುತ್ತಾರೆ. ಅದು ಚೆನ್ನಾಗಿಯೇ ಒಳಗಿಳಿಯುತ್ತದೆ, ಆದರೆ ಅಸಿಟೋನ್ ಬಣ್ಣವನ್ನೂ ಚಿನ್ನದ ಗೆರೆಗಳನ್ನೂ ಕಂಪನಿಯ ಹಳೆಯ ಅಂಟುಚಿತ್ರಗಳನ್ನೂ ಕರಗಿಸುತ್ತದೆ. ಮೂಲ ಬಣ್ಣ ಉಳಿದಿರುವ ಸೈಕಲ್ಲಿನ ಹತ್ತಿರ ಆ ಮಿಶ್ರಣ ಸುಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಣ್ಣೆ ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಒಂದು ಸಂದರ್ಭವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ರೇಕಿನ ತೋಳುಗಳು ತಿರುಗುವ ನಡುಬೋಲ್ಟೊಂದು ಫೋರ್ಕಿನ ನೆತ್ತಿಯಲ್ಲಿ ಕಚ್ಚಿಕೊಂಡಿತ್ತು. ಸೈಕಲ್ಲನ್ನು ತಲೆಕೆಳಗು ಮಾಡಿ, ಬೋಲ್ಟು ಆದಷ್ಟು ನೇರಕ್ಕೆ ನಿಲ್ಲುವಂತೆ ಫೋರ್ಕನ್ನು ಓರೆಯಾಗಿ ಕಟ್ಟಿ, ನಟ್ಟಿನ ಸುತ್ತ ಜೇಡಿಮಣ್ಣಿನ ಸಣ್ಣ ಕಟ್ಟೆ ಕಟ್ಟಿ, ಅದರೊಳಗೆ ನಾಲ್ಕೈದು ಹನಿ ಎಣ್ಣೆ ನಿಲ್ಲಿಸಿದೆ. ದಿನಕ್ಕೆರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಬೋಲ್ಟಿನ ತಲೆಯ ಮೇಲೆ ಹಗುರ ಸುತ್ತಿಗೆಯಿಂದ ಇಪ್ಪತ್ತು ಮೂವತ್ತು ಸಣ್ಣ ಪೆಟ್ಟು ಕೊಡುತ್ತಿದ್ದೆ. ಆ ಪೆಟ್ಟುಗಳ ಉದ್ದೇಶ ಬೋಲ್ಟನ್ನು ಹೊರದೂಡುವುದಲ್ಲ, ತುಕ್ಕಿನಲ್ಲಿ ಕೂದಲೆಳೆಯ ಬಿರುಕುಗಳನ್ನು ಮೂಡಿಸಿ ಎಣ್ಣೆಗೆ ದಾರಿ ಮಾಡುವುದು. ಮೊದಲ ಮೂರು ದಿನ ಏನೂ ಬದಲಾಗಲಿಲ್ಲ. ನಾಲ್ಕನೆಯ ದಿನ ಸಂಜೆ ಸುತ್ತಿಗೆಯ ದನಿ ಬೇರೆಯಾಯಿತು: ಗಟ್ಟಿ ಕಬ್ಬಿಣಕ್ಕೆ ಬಡಿದಂತೆ ಟಣ್ ಎನ್ನುತ್ತಿದ್ದದ್ದು ತುಸು ಮೆತ್ತಗಾಗಿ ಕೇಳಿಸಿತು. ಮರುದಿನ ಬೆಳಿಗ್ಗೆ ನೋಡಿದರೆ ರಂಧ್ರದ ಇನ್ನೊಂದು ತುದಿಯಲ್ಲಿ ಕಾಫಿ ಬಣ್ಣದ ಹನಿಯೊಂದು ತೂಗುತ್ತಿತ್ತು. ಎಣ್ಣೆ ಆರುಪಾರಾಗಿ ತುಕ್ಕನ್ನು ಹೊತ್ತು ತಂದಿತ್ತು. ಆ ಹನಿ ಕಾಣುವ ಮುಂಚೆ ಪಾನ ಹಾಕಿದ್ದರೆ ಬೋಲ್ಟು ಮುರಿಯುತ್ತಿತ್ತೆಂದು ನಾನು ನಂಬಿದ್ದೇನೆ, ಕಾಣಿಸಿದ ಮೇಲೆ ಅದು ಕಿರ್ ಎಂದು ಒಂದೇ ಬಾರಿ ಸದ್ದು ಮಾಡಿ ತಿರುಗಿತು.

ಮುರಿಯುತ್ತಿತ್ತು ಎನ್ನಲು ನನ್ನಲ್ಲಿ ಕಾರಣವಿದೆ, ಏಕೆಂದರೆ ಅಂಥದ್ದೇ ಇನ್ನೊಂದನ್ನು ಅದಕ್ಕೂ ಮೊದಲು ನಾನು ಮುರಿದಿದ್ದೆ. ಪಾನದ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಎಳೆದಿದ್ದೆ. ಇಲ್ಲಿ ಲೆಕ್ಕ ಸರಳ. 8.8 ದರ್ಜೆಯ (ಇದು ಉಕ್ಕಿನ ಬಲವನ್ನು ಸೂಚಿಸುವ ಸಂಖ್ಯೆ) 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ ಹಾಕುವ ಬಿಗಿ, ತಿರುಚುಬಲದ ಅಳತೆಯಲ್ಲಿ ಹೇಳುವುದಾದರೆ, ಸುಮಾರು 10 ನ್ಯೂಟನ್-ಮೀಟರ್. ಒಂದು ಅಡಿ ಉದ್ದದ ಹಿಡಿಯ ತುದಿಯಲ್ಲಿ 10 ಕಿಲೋ ತೂಕದಷ್ಟು ಬಲ ಹಾಕಿದರೆ ಬೋಲ್ಟಿನ ಮೇಲೆ ಬೀಳುವುದು ಸುಮಾರು 30 ನ್ಯೂಟನ್-ಮೀಟರ್, ಅಂದರೆ ಬಿಗಿಯುವಾಗ ಹಾಕಬೇಕಾದದ್ದರ ಮೂರು ಪಟ್ಟು. 10 ಕಿಲೋ ಬಲವೆಂದರೆ ಕೈಗೆ ಆಯಾಸವೇ ಆಗದಷ್ಟು. ಹಳೆಯ ಸೈಕಲ್ಲಿನ ಸಣ್ಣ ಬೋಲ್ಟುಗಳ ಉಕ್ಕು ಅದಕ್ಕಿಂತ ಮೆದು, ಮೇಲಾಗಿ ತುಕ್ಕು ತಿಂದು ಕುತ್ತಿಗೆ ಸಣ್ಣದಾಗಿರುತ್ತದೆ. ದೀಪದ ಕೊಂಡಿ, ಮಡ್‌ಗಾರ್ಡಿನ ಕಡ್ಡಿ, ಬ್ರೇಕು ಇವುಗಳ ಬೋಲ್ಟಿಗೆ ಗಿಡ್ಡ ಹಿಡಿಯ ಪಾನವೇ ಬೇಕು. ಅಂಗೈಯಲ್ಲಿ ಬೋಲ್ಟು ಸ್ಪ್ರಿಂಗಿನಂತೆ ತಿರುಚಿಕೊಂಡು ಕೈ ಬಿಟ್ಟಾಗ ಹಿಂದಕ್ಕೆ ಬರುವ ಅನುಭವವಾದರೆ ಆ ಕ್ಷಣವೇ ನಿಲ್ಲಿಸಬೇಕು. ಬಿಚ್ಚುವ ದಿಕ್ಕಿಗೆ ಮಾತ್ರ ಎಳೆಯುವುದಕ್ಕಿಂತ ಮೊದಲು ಬಿಗಿಯುವ ದಿಕ್ಕಿಗೆ ಒಂದಿನಿತು ನೂಕಿ, ಅಲ್ಲಿಂದ ಹಿಂದಕ್ಕೆ ತಂದು, ಹೀಗೆ ಮುಂದೆ ಹಿಂದೆ ಆಡಿಸುತ್ತ ಪ್ರತಿ ಬಾರಿಯೂ ಕೂದಲೆಳೆಯಷ್ಟು ಹೆಚ್ಚು ತಿರುಗಿಸಿದರೆ ತುಕ್ಕಿನ ಪುಡಿ ಥ್ರೆಡ್ಡಿನಲ್ಲಿ ಒತ್ತೊತ್ತಾಗಿ ಕಟ್ಟಿಕೊಳ್ಳುವುದಿಲ್ಲ. ಅರ್ಧ ಸುತ್ತು ಬಂದಿತೆಂದು ಸಂಭ್ರಮಿಸಿ ಒಂದೇ ಉಸಿರಿಗೆ ತಿರುಗಿಸಿ, ನಡುವೆ ಮತ್ತೆ ಕಚ್ಚಿ ಮುರಿದುಕೊಂಡವರನ್ನು ಬಹಳ ಕಂಡಿದ್ದೇನೆ.

ಬೆಂಕಿಯ ವಿಷಯಕ್ಕೆ ಬಂದರೆ, ಅದು ಏನು ಮಾಡುತ್ತದೆಂದು ತಿಳಿದು ಬಳಸಿದರೆ ಉತ್ತಮ ಉಪಾಯ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲಿನಷ್ಟು ಹಿಗ್ಗುತ್ತದೆ. 10 ಮಿಲಿಮೀಟರಿನ ರಂಧ್ರವನ್ನು 200 ಡಿಗ್ರಿ ಹೆಚ್ಚು ಕಾಯಿಸಿದರೆ ಅದು ಹಿಗ್ಗುವುದು 0.024 ಮಿಲಿಮೀಟರ್ ಮಾತ್ರ. ಅಷ್ಟೇ ಆದರೂ ತುಕ್ಕಿನ ಹಿಡಿತ ಒಡೆಯಲು ಸಾಕು, ಆದರೆ ಷರತ್ತೊಂದಿದೆ: ಹೊರಗಿನ ಭಾಗ ಬಿಸಿಯಾಗಿ ಬೋಲ್ಟು ತಣ್ಣಗಿರಬೇಕು. ಎರಡನ್ನೂ ಸಮನಾಗಿ ಕಾಯಿಸಿದರೆ ಎರಡೂ ಸಮನಾಗಿ ಹಿಗ್ಗುತ್ತವೆ. ಆದ್ದರಿಂದ ಸಣ್ಣ ಜ್ವಾಲೆಯಿಂದ ನಟ್ಟನ್ನಷ್ಟೇ ಬೇಗ ಕಾಯಿಸಿ ತಕ್ಷಣ ತಿರುಗಿಸಬೇಕು. ಬಿಸಿಯಾದ ಸಂದಿಗೆ ಮೇಣದ ಬತ್ತಿಯನ್ನು ತಾಗಿಸಿದರೆ ಕರಗಿದ ಮೇಣ ಸರಕ್ಕನೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅದು ಜಾರುಪದರವಾಗಿಯೂ ಕೆಲಸ ಮಾಡುತ್ತದೆ. ಬಣ್ಣವಿರುವ ಜಾಗಕ್ಕೆ, ಟೈರು ಮತ್ತು ಹಿಡಿಕೆಯ ರಬ್ಬರಿನ ಹತ್ತಿರಕ್ಕೆ ಜ್ವಾಲೆಯನ್ನು ಒಯ್ಯಬಾರದು. ಎಣ್ಣೆ ಸಿಂಪಡಿಸಿದ ಭಾಗಕ್ಕೆ ಬೆಂಕಿ ತೋರಿಸುವ ಮೊದಲು ಚೆನ್ನಾಗಿ ಒರೆಸಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆದಿದ್ದರಂತೂ ಬೆಂಕಿಯ ಮಾತೇ ಬೇಡ, ಅದರ ಉಳಿಕೆ ಕಾದಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಹಳೆಯ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪನವಿರುವುದೂ ಉಂಟು, ಅದರ ಹೊಗೆಯೂ ಪ್ರಾಣಾಂತಕ. ಸಂಶಯವಿದ್ದಲ್ಲಿ ನಾನು ಬೆಂಕಿಯನ್ನು ಬಿಟ್ಟು ಕಾಲವನ್ನೇ ಆರಿಸುತ್ತೇನೆ.

ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬ ಕಚ್ಚಿಕೊಂಡಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಒಟ್ಟಿಗೆ ಕಾಯಿಸಿದಾಗ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ಬೇಕಾದದ್ದು ತಂಪು. ಕಂಬದೊಳಗೆ ಮಂಜುಗಡ್ಡೆಯ ಪುಡಿ ತುಂಬಿ ಕುಗ್ಗಿಸಿ ತಿರುಚಬೇಕು. ಬಿಳಿಯ ಪುಡಿಯ ಹಿಡಿತ ಸಡಿಲಿಸಲು ಅಮೋನಿಯಾ ದ್ರಾವಣವನ್ನು ಹಲವರು ಬಳಸುತ್ತಾರೆ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ಕಂಬವನ್ನೇ ತಿಂದುಹಾಕುತ್ತದೆ, ಆದರೆ ಅದು ಚರ್ಮ ಮತ್ತು ಕಣ್ಣಿಗೆ ಘೋರ, ಜೊತೆಗೆ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲವನ್ನೂ ಹೊರಬಿಡುತ್ತದೆ. ಅನುಭವವಿಲ್ಲದವರು ಅದನ್ನು ಮುಟ್ಟಬಾರದು.

ಹಳೆಯ ಸೈಕಲ್ಲಿನಲ್ಲಿ ಬೋಲ್ಟೇ ಅಪರಾಧಿಯಲ್ಲದ ಎರಡು ಜಾಗಗಳಿವೆ, ಹೆಚ್ಚಿನ ಹಾನಿ ಆಗುವುದೂ ಅಲ್ಲಿಯೇ. ಒಂದು ಹ್ಯಾಂಡಲ್ಲಿನ ಕಾಂಡ. ಮೇಲಿನ ಬೋಲ್ಟು ಸಡಿಲವಾಗಿದೆ, ಹ್ಯಾಂಡಲ್ಲು ಮಾತ್ರ ಅಲುಗದು. ಬೋಲ್ಟನ್ನು ಪೂರ್ತಿ ಹೊರತೆಗೆದುಬಿಡುವುದು ಇಲ್ಲಿನ ತಪ್ಪು. ಆ ಬೋಲ್ಟಿನ ಕೆಳತುದಿಯಲ್ಲಿ ಶಂಕುವಿನಾಕಾರದ ಅಥವಾ ಓರೆ ಕತ್ತರಿಸಿದ ಬೆಣೆಯೊಂದಿದ್ದು ಕಾಂಡವನ್ನು ಫೋರ್ಕಿನ ಕೊಳವೆಗೆ ಒತ್ತಿ ಹಿಡಿದಿರುತ್ತದೆ. ಬೋಲ್ಟನ್ನು ಎರಡು ಮೂರು ಸುತ್ತು ಮಾತ್ರ ಮೇಲೆತ್ತಿ, ತಲೆಯ ಮೇಲೆ ಗಟ್ಟಿ ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದರೆ ಬೆಣೆ ಕೆಳಕ್ಕೆ ಜಾರಿ ಹಿಡಿತ ಬಿಡುತ್ತದೆ.

ಇನ್ನೊಂದು, ಕ್ರ್ಯಾಂಕನ್ನು ಆಕ್ಸೆಲ್ಲಿಗೆ ಬಂಧಿಸುವ ಕಾಟರ್ ಪಿನ್ನು. ಇದರ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಪಿನ್ನಿನ ಒಂದು ಮಗ್ಗುಲು ಓರೆಯಾಗಿ ಚಪ್ಪಟೆಯಾಗಿದ್ದು ಅದು ಆಕ್ಸೆಲ್ಲಿನ ಕಚ್ಚಿನ ಮೇಲೆ ಬೆಣೆಯಂತೆ ಕೂರುತ್ತದೆ, ನಟ್ಟು ಅದನ್ನು ಅಲ್ಲಿ ಉಳಿಸುತ್ತದೆ ಅಷ್ಟೆ. ನಟ್ಟು ತೆಗೆದು ಪಿನ್ನಿನ ತುದಿಗೆ ಸುತ್ತಿಗೆಯಿಂದ ಬಡಿಯುವುದನ್ನು ನೀವು ನೋಡಿರುತ್ತೀರಿ. ಆಗ ಆ ಪೆಟ್ಟು ಪಿನ್ನಿನಿಂದ ಆಕ್ಸೆಲ್ಲಿಗೆ, ಆಕ್ಸೆಲ್ಲಿನಿಂದ ಬೇರಿಂಗಿನ ಗುಂಡುಗಳಿಗೆ, ಗುಂಡುಗಳಿಂದ ಬಟ್ಟಲಿನ ನಯವಾದ ಓಟದ ಮೈಗೆ ಹೋಗುತ್ತದೆ. ಅಲ್ಲಿ ಬೀಳುವ ತಗ್ಗುಗಳು ಕಣ್ಣಿಗೆ ಕಾಣುವುದಿಲ್ಲ, ಆದರೆ ತುಳಿಯುವಾಗ ಕಟಕಟ ಎಂದು ಕಾಲಿಗೆ ತಿಳಿಯುತ್ತವೆ. ಇದನ್ನು ತಪ್ಪಿಸಲು ದಪ್ಪ ಕಬ್ಬಿಣದ ಕೊಳವೆಯೊಂದನ್ನು ಕ್ರ್ಯಾಂಕಿನಿಂದ ನೆಲದವರೆಗಿನ ಎತ್ತರಕ್ಕೆ ಸರಿಯಾಗಿ ಕತ್ತರಿಸಿ, ಪಿನ್ನಿನ ದಪ್ಪ ತಲೆ ಕೊಳವೆಯ ಬಾಯೊಳಗೆ ಇಳಿಯುವಂತೆ ಕ್ರ್ಯಾಂಕನ್ನು ಅದರ ಮೇಲೆ ಕೂರಿಸಬೇಕು. ಆಗ ಪೆಟ್ಟಿನ ಭಾರವನ್ನು ನೆಲ ಹೊರುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಅದರ ಮುಖ ಪಿನ್ನಿನ ತುದಿಗೆ ಸಮವಾಗುವಷ್ಟು ಬಿಟ್ಟು, ಭಾರವಾದ ಸುತ್ತಿಗೆಯಿಂದ ಒಂದೋ ಎರಡೋ ನೇರ ಪೆಟ್ಟು ಕೊಡಬೇಕು. ಸಣ್ಣ ಸುತ್ತಿಗೆಯಿಂದ ಹತ್ತಾರು ಸಲ ಕುಟ್ಟಿದರೆ ಪಿನ್ನಿನ ತುದಿ ಅಣಬೆಯಂತೆ ಅರಳಿ ರಂಧ್ರದಿಂದ ಹಾಯದಂತಾಗುತ್ತದೆ. ಪಿನ್ನನ್ನು ಒತ್ತಿ ಹೊರದೂಡುವ ಪ್ರೆಸ್ಸು ದೊರೆಯುವುದಾದರೆ ಸುತ್ತಿಗೆಯನ್ನು ಮರೆತುಬಿಡುವುದೇ ಸರಿ.

ಚೈನಿನ ಕಡೆಯ ಬಟ್ಟಲಿಗೆ ಪಾನ ನಿಲ್ಲಲು ತೆಳ್ಳನೆಯ ಅಂಚು ಮಾತ್ರವಿರುತ್ತದೆ, ಪಾನ ಜಾರಿದರೆ ಮೊಣಕೈಗೂ ಬಣ್ಣಕ್ಕೂ ಗಾಯ. ಇದಕ್ಕೊಂದು ಸೊಗಸಾದ ಉಪಾಯವಿದೆ. ಬಟ್ಟಲಿನ ನಡುವಿನ ರಂಧ್ರದ ಮೂಲಕ ದಪ್ಪ ಬೋಲ್ಟೊಂದನ್ನು ಹಾಯಿಸಿ, ಎರಡೂ ಕಡೆ ವಾಷರ್ ಇಟ್ಟು, ಒಳಗಡೆ ನಟ್ಟು ಹಿಡಿದು, ಹೊರಗಿನ ತಲೆಯನ್ನು ಬಿಗಿಯುತ್ತ ಹೋಗುವುದು. ವಾಷರುಗಳು ಬಟ್ಟಲನ್ನು ಅಪ್ಪಿ ಹಿಡಿದ ಮೇಲೆ ಬೋಲ್ಟಿನ ತಲೆಯೊಂದಿಗೆ ಬಟ್ಟಲೂ ತಿರುಗಲೇಬೇಕು. ಬ್ರಿಟಿಷ್ ಬಟ್ಟಲಿನದು ಎಡಮುರಿ ಥ್ರೆಡ್ಡಾದ್ದರಿಂದ ಬೋಲ್ಟನ್ನು ಬಿಗಿಯುವ ದಿಕ್ಕೇ ಬಟ್ಟಲನ್ನು ಬಿಚ್ಚುವ ದಿಕ್ಕು. ಹೆಚ್ಚು ಬಲ ಹಾಕಿದಷ್ಟೂ ಹಿಡಿತವೂ ಹೆಚ್ಚುತ್ತದೆ. ಬಲಮುರಿಯ ಇಟಲಿ ಬಟ್ಟಲಿಗೆ ಈ ಅನುಕೂಲವಿಲ್ಲ, ಅಲ್ಲಿ ತಿರುಗಿಸಿದರೆ ಬೋಲ್ಟೇ ಸಡಿಲವಾಗುತ್ತದೆ.

ಇಷ್ಟಾದರೂ ಬೋಲ್ಟು ಮುರಿದರೆ ಅಥವಾ ಮುರಿಯುವುದು ಖಚಿತವೆನಿಸಿದರೆ ಅದನ್ನು ಕೊರೆದು ತೆಗೆಯಬೇಕು. ಮೂಲೆಗಳು ಇನ್ನೂ ಸರಿಯಾಗಿರುವಾಗಲೇ ಈ ತೀರ್ಮಾನಕ್ಕೆ ಬರುವುದು ಒಳ್ಳೆಯದು. ಮುರಿದ ಮುಖವನ್ನು ಅರದಿಂದ ಸಮತಟ್ಟು ಮಾಡಿ, ಭೂತಗನ್ನಡಿ ಹಿಡಿದು ನಟ್ಟನಡುವೆ ಪಂಚಿನಿಂದ ಗುರುತು ಹಾಕುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡರೂ ಹೆಚ್ಚಲ್ಲ. ಗುರುತು ಅರ್ಧ ಮಿಲಿಮೀಟರ್ ಸರಿದರೂ ಕೊರೆಯುವ ಬಿಟ್ಟು ಥ್ರೆಡ್ಡಿನ ಗೋಡೆಗೆ ಹೋಗುತ್ತದೆ. ಎಡಕ್ಕೆ ತಿರುಗಿ ಕೊರೆಯುವ ಬಿಟ್ಟು ಸಿಕ್ಕರೆ ಅದನ್ನೇ ಬಳಸಬೇಕು, ಎಷ್ಟೋ ಬಾರಿ ಕೊರೆಯುತ್ತಿರುವಾಗಲೇ ಅದು ಬೋಲ್ಟಿನ ತುಂಡನ್ನು ಕಚ್ಚಿ ಹೊರಗೆ ತರುತ್ತದೆ. ರಂಧ್ರಕ್ಕೆ ತಿರುಚಿ ಇಳಿಸಿ ಎಳೆಯುವ ಎಕ್ಸ್‌ಟ್ರ್ಯಾಕ್ಟರ್ ಎಂಬ ಸಾಧನದ ಬಗ್ಗೆ ನನಗೆ ಒಲವಿಲ್ಲ. ಅದು ಗಡುಸಾದ, ಪೆಳಸಾದ ಉಕ್ಕು. ತೆಳ್ಳನೆಯ ಬೋಲ್ಟಿನೊಳಗೆ ಮುರಿದುಕೊಂಡರೆ ಸಾಮಾನ್ಯ ಬಿಟ್ಟು ಅದರ ಮೇಲೆ ಗೀರನ್ನೂ ಎಳೆಯಲಾರದು. ಅದರ ಬದಲು ಬಿಟ್ಟಿನ ಗಾತ್ರವನ್ನು ಹಂತಹಂತವಾಗಿ ಏರಿಸುತ್ತ, 6 ಮಿಲಿಮೀಟರಿನ ಮೆಟ್ರಿಕ್ ಬೋಲ್ಟಿಗಾದರೆ 5ರವರೆಗೆ, 5 ಮಿಲಿಮೀಟರಿನದಕ್ಕಾದರೆ 4.2ರವರೆಗೆ ಕೊರೆದು ನಿಲ್ಲಿಸಿ, ಉಳಿದ ಥ್ರೆಡ್ಡಿನ ಸುರುಳಿಯನ್ನು ಚೂಪಾದ ಮೊನೆಯಿಂದ ಎಬ್ಬಿಸಿ ಇಕ್ಕಳದಿಂದ ಎಳೆದರೆ ಅದು ಸಣ್ಣ ಸ್ಪ್ರಿಂಗಿನಂತೆ ಬಿಚ್ಚಿಕೊಂಡು ಬರುತ್ತದೆ. ಆಮೇಲೆ ಅದೇ ಅಳತೆಯ ಟ್ಯಾಪನ್ನು, ಅಂದರೆ ರಂಧ್ರದೊಳಗೆ ಥ್ರೆಡ್ಡು ಕೊರೆಯುವ ಸಾಧನವನ್ನು, ಎಣ್ಣೆ ಹಚ್ಚಿ ಒಮ್ಮೆ ಹಾಯಿಸಿದರೆ ಮೂಲ ಥ್ರೆಡ್ಡು ಉಳಿದಿರುತ್ತದೆ.

ಆರಂಭದಲ್ಲಿ ವರ್ಣಿಸಿದ ಸೀಟಿನ ಬೋಲ್ಟಿಗೆ ಈ ಕೊರೆತವೂ ಬೇಕಿರಲಿಲ್ಲ ಎಂದು ಈಗ ನನಗೆ ಗೊತ್ತಿದೆ. ಎರಡು ಕಿವಿಗಳ ನಡುವೆ ಎರಡು ಮೂರು ಮಿಲಿಮೀಟರಿನ ಸೀಳು ಇದ್ದೇ ಇರುತ್ತದೆ. ಹ್ಯಾಕ್ಸಾ ಬ್ಲೇಡೊಂದನ್ನು ಚೌಕಟ್ಟಿನಿಂದ ಬಿಚ್ಚಿ, ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು, ಆ ಸೀಳಿನೊಳಗಿಂದಲೇ ಬೋಲ್ಟಿನ ನಡುವನ್ನು ಕೊಯ್ದಿದ್ದರೆ ಅದು ಎರಡು ತುಂಡಾಗುತ್ತಿತ್ತು, ಕಿವಿಗಳಿಗೆ ಗೀರೂ ಬೀಳುತ್ತಿರಲಿಲ್ಲ. ಒಂದೊಂದು ತುಂಡೂ ಈಗ ತುಕ್ಕಿನ ಅರ್ಧ ಉದ್ದವನ್ನಷ್ಟೇ ಎದುರಿಸಬೇಕಾದ್ದರಿಂದ ಪಂಚಿನಿಂದ ಬಡಿದು ಹೊರದೂಡಬಹುದು. ಆ ಬಳಿಕ ಬಂದ ಮೂರು ಫ್ರೇಮುಗಳಲ್ಲಿ ಹೀಗೆಯೇ ಮಾಡಿದ್ದೇನೆ. ಹೊಸ ಬೋಲ್ಟು ಹಾಕುವಾಗ ರಂಧ್ರದ ಒಳಮೈಯನ್ನು ಉರುಟು ಅರದಿಂದ ಶುಚಿಗೊಳಿಸಿ, ಗ್ರೀಸನ್ನು ಥ್ರೆಡ್ಡಿಗೆ ಹಚ್ಚಿದಷ್ಟೇ ಧಾರಾಳವಾಗಿ ಬೋಲ್ಟಿನ ನುಣುಪಾದ ಮೈಗೂ, ತಲೆಯ ಕೆಳಗಿನ ಮೊಟಕಿಗೂ ಹಚ್ಚುತ್ತೇನೆ. ಬಿಗಿದ ಮೇಲೆ ಹೊರಗೆ ಉಕ್ಕಿದ ಗ್ರೀಸನ್ನು ಒರೆಸುವಾಗ ಕಿವಿಯ ಸಂದಿಯ ಸುತ್ತ ತೆಳುವಾದ ಉಂಗುರದಷ್ಟನ್ನು ಹಾಗೆಯೇ ಬಿಡುತ್ತೇನೆ, ಮಳೆಯ ನೀರು ಒಳಗಿಳಿಯುವ ದಾರಿ ಅದೇ.